ಬಾನೆಟ್ಟಿನ ಮೇಲಿನ ಮಜ್ಜಿಗೆ ಲೋಟ

ನಮ್ಮ ಮನೆಯ ಕಾರಿನ ಕ್ಲಚ್ಚನ್ನು ಸುಟ್ಟವಳು ನಾನು ಎಂದು ನನ್ನ ಗಂಡನ ಮನೆಯವರು ಯುದ್ಧದ ಕಾಲದಿಂದ ಇಂದಿನವರೆಗೂ ಹೇಳುತ್ತ ಬಂದಿದ್ದಾರೆ. ಅದು ಸುಳ್ಳು. ನಾಮಕರಣಗಳಲ್ಲಿ ಹೇಳಿದ್ದಾರೆ, ಬೀಗರೂಟಗಳಲ್ಲಿ ಹೇಳಿದ್ದಾರೆ. ನನ್ನ ಸ್ವಂತ ಮಗಳ ಮದುವೆಯ ಚಪ್ಪರದಲ್ಲಿ, ಗಂಡಿನ ಕಡೆಯವರ ಎಲೆಗೆ ಒಬ್ಬಟ್ಟು ಬೀಳುತ್ತಿದ್ದ ಹೊತ್ತಿನಲ್ಲಿ ಹೇಳಿ ನಕ್ಕಿದ್ದಾರೆ. ಹೇಳಿದವರಲ್ಲಿ ಮೊದಲಿಗರು ನನ್ನ ಭಾವನವರು, ಎಂದರೆ ನಮ್ಮ ಯಜಮಾನರ ಅಣ್ಣ. ಈಗ ಅವರ ಮಕ್ಕಳೂ ಆ ಕೆಲಸಕ್ಕೆ ಕೈಹಾಕಿದ್ದಾರೆ. ಪ್ರತಿ ಸಲವೂ ನಾನು ಕಿವಿಗೊಟ್ಟು ಕೇಳಿದ್ದೇನೆ. ಯಾರು ಯಾವ ವಿವರವನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಎಂಬುದೆಲ್ಲ ನನ್ನ ನೆನಪಿನಲ್ಲಿದೆ. ಬಿಟ್ಟ ವಿವರ ಮಾತ್ರ ಎಲ್ಲರದೂ ಒಂದೇ: ಮಜ್ಜಿಗೆ ಲೋಟ.

ನನ್ನ ತವರು ಮಳವಳ್ಳಿ. ಮಳವಳ್ಳಿಗೂ ಮದ್ದೂರಿಗೂ ನಡುವೆ ಓಡಾಡುತ್ತಿದ್ದ ಬಸ್ಸೊಂದು ನಮ್ಮ ತಂದೆಯವರದು. ಬೇರೆ ಮನೆಗಳ ಹಿತ್ತಿಲಲ್ಲಿ ಎಮ್ಮೆ ನಿಂತಿರುವಷ್ಟೇ ಸಹಜವಾಗಿ ನಮ್ಮ ಹಿತ್ತಿಲಲ್ಲಿ ಬಸ್ಸು ನಿಂತಿರುತ್ತಿತ್ತು. ಪ್ರಯಾಣಿಕರಿಲ್ಲದ ಮಧ್ಯಾಹ್ನಗಳಲ್ಲಿ ತಂದೆಯವರು ನನ್ನನ್ನು ಕೂರಿಸಿ ಊರಾಚೆಯ ಬಯಲಿನಲ್ಲಿ ಓಡಿಸಲು ಬಿಡುತ್ತಿದ್ದರು. ಪೆಡಲು ನನ್ನ ಕಾಲಿಗೆ ಎಟುಕುವ ಮೊದಲೇ ಎಂಜಿನ್ನಿನ ಸದ್ದು ನನ್ನ ಕಿವಿಗೆ ಎಟುಕಿತ್ತು. ಅದು ಹಸಿದಿದೆಯೋ, ಉಬ್ಬಸಪಡುತ್ತಿದೆಯೋ, ಸುಖವಾಗಿದೆಯೋ ಎಂಬುದನ್ನು ಅಡುಗೆಮನೆಯಲ್ಲಿ ಕುಳಿತೇ ಹೇಳಬಲ್ಲೆನಾಗಿದ್ದೆ.

ಮದುವೆಯಾಗಿ ಬಂದದ್ದು ಮದ್ದೂರಿಗೆ. ಕಬ್ಬಿನ ಗದ್ದೆ, ಬೆಲ್ಲ ಬೇಯಿಸುವ ಆಲೆಮನೆ, ಅಂಗಳದಲ್ಲಿ ಒಂದು ಕರಿಯ ಕಾರು. ನಾನು ಬಂದ ಕೆಲವೇ ತಿಂಗಳಲ್ಲಿ ಯುದ್ಧಕ್ಕೆ ಜನ ಬೇಕೆಂದು ಕರೆ ಬಂತು. ನಮ್ಮ ಡ್ರೈವರು ಮಿಲಿಟರಿ ಲಾರಿ ಓಡಿಸಲು ಹೊರಟುಹೋದ. ಮನೆಯಲ್ಲಿ ಓಡಿಸಬಲ್ಲವರು ಭಾವನವರೊಬ್ಬರೇ. ಆದರೆ ಅವರಿಗೆ ಮನೆಗಿಂತ ಹೊರಗಿನ ಕೆಲಸವೇ ಹೆಚ್ಚು. ನಮ್ಮ ಯಜಮಾನರ ವಿಷಯ ಹೇಳಲೇಬೇಕೆಂದರೆ, ಅವರು ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ನಿದ್ದೆ ಹೋಗುವವರು. ಇತ್ತ ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ವಾರಕ್ಕೊಮ್ಮೆ ಮಂಡ್ಯದ ಆಸ್ಪತ್ರೆಗೆ ಹೋಗಬೇಕು. ಯಾರು ಕರೆದುಕೊಂಡು ಹೋಗುವುದೆಂಬ ಚರ್ಚೆಯನ್ನು ಮಾವನವರು ಒಂದೇ ಮಾತಿನಲ್ಲಿ ಮುಗಿಸಿದರು.

"ಬಸ್ಸಿನೋರ ಮನೆ ಎಣ್ಣಲ್ವೇನ್ಲಾ? ಓಡಿಸ್ಲಿ ಬುಡು. ಅವಳಪ್ಪನ ಬಸ್ಸಿಗಿಂತ ಇದು ಸಣ್ದು."

ಆ ದಿನಗಳ ಸುಖವನ್ನು ಹೇಗೆ ಬರೆಯಲಿ? ಸೆರಗನ್ನು ಸೊಂಟಕ್ಕೆ ಬಿಗಿದು, ಹಿಂದಿನ ಸೀಟಿನ ತುಂಬ ಅತ್ತೆಯವರನ್ನು ಕೂರಿಸಿಕೊಂಡು ಹೊರಟರೆ, ರಸ್ತೆಯ ಎರಡೂ ಕಡೆ ಕಬ್ಬು ನಮ್ಮ ಜೊತೆಗೇ ಓಡುತ್ತಿತ್ತು. ನಾಲೆಯ ನೀರು ಒಮ್ಮೆ ಎಡಕ್ಕೆ ಹೊಳೆದು, ಒಮ್ಮೆ ಬಲಕ್ಕೆ ಹೊಳೆದು ನಮ್ಮೊಡನೆ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಎದ್ದುನಿಂತು, ಸ್ಟೀರಿಂಗ್ ಹಿಡಿದದ್ದು ಯಾರೆಂದು ನೋಡಿ, ಒಬ್ಬರ ಬೆನ್ನಿಗೊಬ್ಬರು ಗುದ್ದಿ ನಗುತ್ತಿದ್ದರು. ಮಂಡ್ಯ ಹತ್ತಿರವಾಗಿ ಸಕ್ಕರೆ ಕಾರ್ಖಾನೆಯ ಕಬ್ಬಿನ ಮಡ್ಡಿಯ ಸಿಹಿಹುಳಿ ವಾಸನೆ ಗಾಳಿಯಲ್ಲಿ ಬಂದೊಡನೆ ಅತ್ತೆಯವರು ಕಿಟಕಿಯಿಂದ ತಲೆ ಹೊರಹಾಕುತ್ತಿದ್ದರು.

"ಬಿರ್ನೆ ಓಗವ್ವ. ಆ ಜಟಕಾ ಇಂದಕ್ಕಾಕು. ಅದ್ರಲ್ಲಿರೋ ಮುದುಕಿ ನಂಗೆ ಮದ್ವೇಲಿ ಎಲೆಅಡಿಕೆ ಕೊಡ್ನಿಲ್ಲ."

ಜಟಕಾ ಹಿಂದೆ ಬೀಳುತ್ತಿತ್ತು. ಅತ್ತೆಯವರು ಮುದುಕಿಗೆ ಕೈಬೀಸುತ್ತಿದ್ದರು. ಹಳೆಯದನ್ನು ಮರೆಯದಿರುವ ಗುಣ ನನಗೆ ಯಾರಿಂದ ಬಂತೆಂದು ಕೇಳುವವರಿಗೆ ಇಷ್ಟು ಸಾಕು. ಅವರ ಮೊಣಕಾಲು ಆ ಮಳೆಗಾಲದಲ್ಲೇ ವಾಸಿಯಾಗಿತ್ತೆಂಬುದು ನನಗೂ ಅವರಿಗೂ ಮಾತ್ರ ಗೊತ್ತಿದ್ದ ಸಂಗತಿ. ಗಂಡಸರ ಮುಂದೆ ಅವರು ಗೋಡೆ ಹಿಡಿದು ಕುಂಟುತ್ತ ಬಂದು ಕಾರು ಹತ್ತುತ್ತಿದ್ದರು.

ಇಲ್ಲಿ ನಮ್ಮ ಕಡೆಯ ರೂಢಿಯೊಂದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಮ್ಮನ ಹೆಂಡತಿಯಾದವಳು ಭಾವನೊಡನೆ ನೇರವಾಗಿ ಮಾತನಾಡುವಂತಿರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳಬೇಕು. ಮೂವರೂ ಒಂದೇ ಜಗಲಿಯ ಮೇಲಿದ್ದರೂ ಸರಿಯೇ. ಊಟಕ್ಕೆ, ಹಬ್ಬಕ್ಕೆ, ನೆಂಟರ ವಿಷಯಕ್ಕೆ ಈ ಏರ್ಪಾಡು ಸಾಲುತ್ತಿತ್ತು. ಕಾರಿನ ಎಂಜಿನ್ನಿಗೆ ಸಾಲಲಿಲ್ಲ.

ಭಾವನವರು ಮೈಸೂರಿನ ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದವರು, ಆಲೆಮನೆಯ ಎಂಜಿನ್ನನ್ನು ನೋಡಿಕೊಳ್ಳುತ್ತಿದ್ದವರು. ಕಬ್ಬು ಅರೆಯುವ ಗಾಣಕ್ಕೆ ನಮ್ಮಲ್ಲಿ ಎತ್ತಿನ ಬದಲು ಎಣ್ಣೆ ಎಂಜಿನ್ನಿತ್ತು. ಪ್ರತಿ ವರ್ಷ ಮೊದಲ ಕಬ್ಬು ಅರೆದ ದಿನ, ಆ ಎಂಜಿನ್ನನ್ನು ಕೂರಿಸಿದ ಗಾರೆ ಕಟ್ಟೆಯ ಮೇಲೆ ಒಂದು ಲೋಟದಲ್ಲಿ ಕಂಠಮಟ್ಟ ಕಬ್ಬಿನ ಹಾಲು ಇಡುತ್ತಿದ್ದರು. ಹಾಲು ತುಳುಕದಿದ್ದರೆ ಆ ಸುಗ್ಗಿ ಸುಸೂತ್ರ. ಇದು ಅಲ್ಲಿಗೆ ಅರ್ಥವಿದ್ದ ಪರೀಕ್ಷೆ: ತುಳುಕಿತೆಂದರೆ ಕಟ್ಟೆಯ ಬೋಲ್ಟು ಸಡಿಲವಾಗಿದೆ ಎಂದರ್ಥ. ಗಾಣದ ಎಂಜಿನ್ನು ಕೂತಲ್ಲೇ ಕೂತು ತಿರುಗುವಂಥದು. ಅದು ಎಲ್ಲಿಗೂ ಹೋಗಬೇಕಾಗಿಲ್ಲ.

ಭಾವನವರು ಆ ಲೋಟವನ್ನು ಕಾರಿನ ಬಾನೆಟ್ಟಿನ ಮೇಲೆ ತಂದಿಟ್ಟರು.

ಪೆಟ್ರೋಲಿಗೆ ರೇಷನ್ ಬಂದಿದ್ದ ಕಾಲ. ಪೆಟ್ರೋಲನ್ನೂ ಉಳಿಸಬೇಕು, ಬಂದ ನೆಂಟರ ಬಾಯನ್ನೂ ತೆರೆಸಬೇಕು ಎಂದು ಅವರು ದಿನವೂ ಸಂಜೆ ಬಾನೆಟ್ಟಿನೊಳಗೆ ತಲೆಯಿಟ್ಟು ನಿಲ್ಲುತ್ತಿದ್ದರು. ಕಾರ್ಬುರೇಟರಿನ ತಿರುಪನ್ನು ಬಿಗಿದು ಪೆಟ್ರೋಲನ್ನು ಹನಿಗೆ ಇಳಿಸಿದರು. ಒಳಗೆ ಕಿಡಿ ಹಾರುವ ಗಳಿಗೆಯನ್ನು ಹಿಂದಕ್ಕೆ ತಳ್ಳಿ ತಡಮಾಡಿದರು. ಹೀಗೆ ಮಾಡಿದ ಮೇಲೆ ನಿಂತ ಕಾರಿನ ಎಂಜಿನ್ನು, ತೊಟ್ಟಿಲಲ್ಲಿ ಮಲಗಿದ ಕೂಸಿನ ಹಾಗೆ ಮೆಲ್ಲಗೆ ಉಸಿರಾಡತೊಡಗಿತು. ಮಜ್ಜಿಗೆ ತುಂಬಿದ ಲೋಟವನ್ನು ಬಾನೆಟ್ಟಿನ ಮೇಲಿಟ್ಟರೆ ಒಂದು ಅಲೆಯೂ ಏಳುತ್ತಿರಲಿಲ್ಲ. ಬಸರಾಳಿನಿಂದ, ಆತಗೂರಿನಿಂದ ನೆಂಟರು ಬಂದು ನೋಡಿ ತಲೆದೂಗಿ, ಆ ಮಜ್ಜಿಗೆಯನ್ನೇ ಕುಡಿದು ಹೋದರು.

ನಿಂತಾಗ ಅದು ಮಹಾರಾಣಿ. ಹೊರಡಿಸಿದರೆ ಅಳುಮೋರೆ.

ಕ್ಲಚ್ಚು ಎಂದರೆ ಒಂದನ್ನೊಂದು ಒತ್ತಿ ಹಿಡಿಯುವ ಬಿಲ್ಲೆಗಳು. ಎಂಜಿನ್ನಿನ ತಿರುಗಾಟವನ್ನು ಗಾಲಿಗೆ ದಾಟಿಸುವುದು ಅವುಗಳ ಕೆಲಸ. ಪೆಡಲು ತುಳಿದರೆ ಬೇರೆಯಾಗುತ್ತವೆ, ಬಿಟ್ಟರೆ ಕೂಡುತ್ತವೆ. ಕೂಡುವ ಮುನ್ನ ಒಂದು ಗಳಿಗೆ ಉಜ್ಜಾಡುತ್ತವೆ. ಎಂಜಿನ್ನಿಗೆ ಕಸುವಿದ್ದರೆ ಆ ಉಜ್ಜಾಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕಿಡಿ ತಡವಾಗಿ, ಪೆಟ್ರೋಲು ಹನಿಯಾಗಿ ಬರುವ ಎಂಜಿನ್ನಾದರೋ, ಪೆಡಲು ಬಿಡುತ್ತಿದ್ದ ಹಾಗೆಯೇ ಕೆಮ್ಮಿ ಸತ್ತುಹೋಗುತ್ತದೆ. ಸಾಯದಿರಲೆಂದು ಆಕ್ಸಿಲರೇಟರನ್ನು ಜೋರಾಗಿ ಒತ್ತಬೇಕು, ಒತ್ತಿ ಪೆಡಲನ್ನು ಅರ್ಧದಲ್ಲೇ ಹಿಡಿಯಬೇಕು, ಕಾರು ಮನಸ್ಸು ಮಾಡುವವರೆಗೂ ಬಿಲ್ಲೆಗಳು ಉಜ್ಜಾಡುತ್ತಲೇ ಇರಬೇಕು. ಅಂಗೈಗಳನ್ನು ಬಿರುಸಾಗಿ ಉಜ್ಜಿ ನೋಡಿದವರಿಗೆ ಏನಾಗುತ್ತದೆಂದು ತಿಳಿಯುತ್ತದೆ. ಬಿಲ್ಲೆಗೆ ಅಂಟಿಸಿದ ಲೈನಿಂಗು ಸುಡುತ್ತದೆ.

ಇದನ್ನು ನಾನು ಸುಡುವ ಮೊದಲೇ ಹೇಳಿದೆ. ಜಗಲಿಯ ಬಾಗಿಲ ಮರೆಯಲ್ಲಿ ನಿಂತು, ಅತ್ತೆಯವರ ಮೂಲಕ ಹೇಳಿದೆ.

"ಕಿಡಿ ತಡವಾಗಿ ಬತ್ತಾ ಅದಂತೆ ಕಣ್ಲಾ," ಎಂದರು ಅತ್ತೆ.

"ಎಲ್ಗೆ ಬತ್ತದವ್ವ ಕಿಡಿ?"

ಅತ್ತೆ ನನ್ನತ್ತ ತಿರುಗಿದರು. ನಾನು ಪಿಸುಗುಟ್ಟಿದ್ದನ್ನು ಮಗನಿಗೆ ದಾಟಿಸಿದರು: "ಒಳಕ್ಕಂತೆ. ನೀನು ಅದ್ನ ಇಂದಕ್ಕೆ ತಳ್ಳಿದ್ದೀಯಂತೆ. ಮುಂದಕ್ಕೆ ಎಳೀಬೇಕಂತೆ. ಇಲ್ದಿದ್ರೆ ಎಂಜಿನ್ನು ಎದ್ದೇಳಾಕಿಲ್ವಂತೆ, ನಿನ್ ತಮ್ಮನಂಗೆ."

ಕೊನೆಯ ಮಾತು ಅತ್ತೆಯವರ ಸ್ವಂತದ್ದು.

"ಲೋಟ ಅಲ್ಲಾಡ್ತದಾ, ಕೇಳವ್ವ ಅವಳ್ನ."

"ಅಲ್ಲಾಡಾಕಿಲ್ವಂತೆ."

"ಮತ್ತೆ? ಎಂಜಿನ್ನು ಸರಿಯಾಗೇ ಅದೆ. ಪೆಡಲ್ ಮ್ಯಾಲೆ ಕಾಲು ಊರ್ಕಂಡು ಓಡಿಸ್ಬ್ಯಾಡ ಅನ್ನು ಅವಳ್ಗೆ. ಅದು ರಾಟೆ ತುಳಿಯೋ ಜಾಗ ಅಲ್ಲ."

ರಾಟೆ ಎಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ರಾಟೆಯನ್ನು ಯಾರೂ ತುಳಿಯುವುದಿಲ್ಲ, ಕೈಯಿಂದ ತಿರುಗಿಸುತ್ತಾರೆ. ಅಷ್ಟೂ ತಿಳಿಯದವರು ನನ್ನ ಕಾಲಿನ ಲೆಕ್ಕ ಹಿಡಿದರು.

ಸುಗ್ಗಿಯ ದಿನಗಳು. ಮಳವಳ್ಳಿಯಲ್ಲಿ ನನ್ನ ತಂಗಿಯ ಸೀಮಂತ. ಹಿಂದಿನ ಸೀಟಿನಲ್ಲಿ ಅತ್ತೆ, ಭಾವನವರ ಹೆಂಡತಿಯಾದ ನನ್ನ ಓರಗಿತ್ತಿ, ಅವರಿಬ್ಬರ ನಡುವೆ ಒಂದು ಬುಟ್ಟಿ ಕಜ್ಜಾಯ. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೆದರಿಕೆಯವಳು, ಆದರೆ ನಗಲು ತೊಡಗಿದರೆ ನಿಲ್ಲದವಳು. ಮಳವಳ್ಳಿ ಇನ್ನೇನು ಬಂತೆನ್ನುವಾಗ ಒಂದು ಏರು. ಏರಿನ ನಡುವೆ ಕಬ್ಬು ಹೇರಿದ ಗಾಡಿ. ಎತ್ತುಗಳು ದಣಿದು ನಿಂತುಬಿಟ್ಟವು. ನಾನೂ ನಿಲ್ಲಿಸಿದೆ. ಗಾಡಿ ನಾಲ್ಕು ಹೆಜ್ಜೆ ನಡೆದು ನಿಂತರೆ ನಾನೂ ಅಷ್ಟೇ ಸರಿದು ನಿಲ್ಲಬೇಕು. ಪ್ರತಿ ಸಲವೂ ಎಂಜಿನ್ನು ಕೆಮ್ಮುವುದು, ನಾನು ಆಕ್ಸಿಲರೇಟರು ಒತ್ತುವುದು, ಕ್ಲಚ್ಚು ಅರ್ಧದಲ್ಲಿ ನರಳುವುದು. ಸುಟ್ಟ ವಾಸನೆ ಮೊದಲು ಅಕ್ಕನಿಗೆ ತಾಗಿತು.

"ಕಜ್ಜಾಯ ಸೀದೋಯ್ತಾ ಅವ್ವಾ?" ಎಂದಳು ಬುಟ್ಟಿಯನ್ನು ಮೂಸುತ್ತ.

ಆಮೇಲೆ ಕಾಲಡಿಯಿಂದ ಹೊಗೆ ಬಂತು. ಎಂಜಿನ್ನು ಗರ್ಜಿಸಿತು, ಕಾರು ಕದಲಲಿಲ್ಲ. ಗಾಡಿಯವನು ಹಿಂತಿರುಗಿ ಬಂದು ಕಿಟಕಿಯೊಳಗೆ ಇಣುಕಿದ.

"ಏನ್ರವ್ವಾ, ಒಳ್ಗೇ ಒಲೆ ಅಚ್ಚಿದ್ದೀರಾ?"

ಅಕ್ಕನಿಗೆ ನಗು ಹತ್ತಿತು. ಅವಳಿಂದ ಅತ್ತೆಗೆ, ಅತ್ತೆಯಿಂದ ನನಗೆ. ನನ್ನ ಡ್ರೈವಿಂಗಿನ ಆಯುಸ್ಸು ಆ ಹೊಗೆಯಲ್ಲೇ ತೀರುತ್ತಿದೆ ಎಂದು ತಿಳಿದಿದ್ದರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಗಾಡಿಯವನು ತನ್ನ ಗಾಡಿಯನ್ನು ಮರದಡಿ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ ತಂದು ಹಗ್ಗದಿಂದ ನಮ್ಮ ಕಾರಿಗೆ ಕಟ್ಟಿದ. ಮಳವಳ್ಳಿಯ ಪೇಟೆಬೀದಿಯನ್ನು ನಾವು ಹೀಗೆ ಹೊಕ್ಕೆವು: ಮುಂದೆ ಎತ್ತು, ಹಿಂದೆ ಕಾರು, ಕಾರಿನ ಕಿಟಕಿಯಲ್ಲಿ ಅತ್ತೆಯವರು ಎರಡೂ ಕಡೆಗೆ ತಲೆಬಾಗಿಸಿ ನಮಸ್ಕಾರ ಸ್ವೀಕರಿಸುತ್ತ. ಅಕ್ಕ ದಾರಿಯ ಹುಡುಗರಿಗೆಲ್ಲ ಕಜ್ಜಾಯ ಹಂಚಿದಳು. ತವರಿನ ಬಾಗಿಲಿಗೆ ಬಂದಾಗ ಬುಟ್ಟಿಯಲ್ಲಿ ಎಳ್ಳು ಮಾತ್ರ ಉಳಿದಿತ್ತು.

ನಮ್ಮ ತಂದೆಯವರು ಬಾನೆಟ್ಟು ಎತ್ತಿಸಿ ಎಂಜಿನ್ನನ್ನು ಚಾಲೂ ಮಾಡಿಸಿ ಅದರ ಸದ್ದಿಗೆ ಕಿವಿಗೊಟ್ಟರು. "ಈ ಎಂಜಿನ್ನ ಮಲಗಿಸ್ದೋರು ಯಾರವ್ವ?" ಎಂದರು. ಆ ಮಾತು ಮದ್ದೂರಿಗೆ ಮುಟ್ಟಿದಾಗ ಭಾವನವರು, "ಮಗಳ ಕಡೀಕೆ ಅಪ್ಪ ಏಳ್ದೆ ಇನ್ಯಾರು ಏಳ್ತಾರೆ?" ಎಂದರಂತೆ. ತೀರ್ಪಾಯಿತು. ಕಾರಿನ ಬೀಗದ ಕೈ ಅಡುಗೆಮನೆಯ ಮೊಳೆಯಿಂದ ಭಾವನವರ ಉಡುದಾರಕ್ಕೆ ಹೋಯಿತು. ಹೆಂಗಸರ ಕಾಲಿಗೆ ಕ್ಲಚ್ಚು ತಾಳುವುದಿಲ್ಲ ಎಂದು ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಮತ್ತೆ ಎತ್ತಿನ ಗಾಡಿಯವಳಾದೆ. ಅತ್ತೆಯವರ ಮೊಣಕಾಲಿಗೆ ನಿಜವಾಗಿಯೇ ನೋವು ಬಂತು.

ಮೈಸೂರಿನಿಂದ ಹೊಸ ಲೈನಿಂಗು ಬಂತು. ಲೋಟವೂ ಬಾನೆಟ್ಟಿನ ಮೇಲೆ ತನ್ನ ಜಾಗಕ್ಕೆ ಮರಳಿತು. ಈಗ ಪೆಡಲಿನ ಮೇಲಿದ್ದದ್ದು ಭಾವನವರ ಕಾಲು, ಗಂಡಸಿನ ಕಾಲು, ಕಾಲೇಜು ಮೆಟ್ಟಿಲು ಹತ್ತಿದ ಕಾಲು. ಮುಂದಿನ ಸುಗ್ಗಿ ಬರುವ ಮೊದಲೇ, ಮಂಡ್ಯದಲ್ಲಿ ರೈಲ್ವೆ ಗೇಟಿಗೆ ಹತ್ತುವ ದಿಬ್ಬದ ಮೇಲೆ, ಮಾವನವರೂ ಅತ್ತೆಯವರೂ ಕೂತಿದ್ದ ಹಾಗೆಯೇ, ಹೊಸ ಲೈನಿಂಗೂ ಹೊಗೆಯಾಗಿ ಹೋಯಿತು. ಸಂತೆಗೆ ಬಂದಿದ್ದ ಜನ ಕಾರನ್ನು ತಳ್ಳಿದರು. ನೋಡಲು ನಾನಿರಲಿಲ್ಲ ಎಂಬ ಕೊರಗು ಇನ್ನೂ ಇದೆ. ಆದರೆ ಅತ್ತೆಯವರು ಒಂದು ಕೂದಲೆಳೆಯಷ್ಟೂ ಬಿಡದೆ ಬಂದು ಹೇಳಿದರು.

ಆ ಸಂಜೆ ಜಗಲಿಯ ಮೇಲೆ ಭಾವನವರು, "ಯುದ್ಧದ ಮಾಲು. ಎಲ್ಲಾ ಕಲಬೆರಕೆ," ಎಂದರು.

"ಓದ್ಸಲ ಕಾಲು, ಈ ಸಲ ಮಾಲಾ?" ಎಂದರು ಅತ್ತೆ. "ನಿನ್ ಕಾಲೂ ಎಂಗಸ್ರ ಕಾಲಾಯ್ತೇನ್ಲಾ ಮಗಾ?"

ಮಾವನವರು ಕೆಮ್ಮಿ ಎದ್ದುಹೋದರು. ಬಾಗಿಲ ಮರೆಯಲ್ಲಿ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಆದರೂ ನನ್ನ ಮೇಲಿನ ತೀರ್ಪು ಬದಲಾಗಲಿಲ್ಲ. ಒಂದೇ ಎಂಜಿನ್ನು, ಒಂದೇ ಬಗೆಯ ಲೈನಿಂಗು, ಒಂದೇ ಸಾವು. ಮೊದಲನೆಯದಕ್ಕೆ ನಾನು ಕಾರಣ, ಎರಡನೆಯದಕ್ಕೆ ಯುರೋಪಿನ ಯುದ್ಧ ಕಾರಣ.

ಮೂರನೆಯ ಲೈನಿಂಗು ಬಹಳ ಕಾಯಿಸಿ ಬಂತು. ಅದನ್ನು ಸುಡಲು ಬಿಡಬಾರದೆಂದು ಅತ್ತೆಯವರು ತೀರ್ಮಾನಿಸಿದರು. ಆ ವರ್ಷದ ದೀಪಾವಳಿಗೆ ಮಗನಿಗೆ ತಾವೇ ಎಣ್ಣೆ ಹಚ್ಚಲು ಕೂತರು. "ಎಣ್ಣೆ ಆಯ್ತದೆ, ಅದ್ನ ಬಿಚ್ಚಿ ಮಡುಗು," ಎಂದು ಉಡುದಾರದ ಬೀಗದ ಕೈಯನ್ನು ತೆಗೆಸಿದರು. ಹಂಡೆಗಟ್ಟಲೆ ಬಿಸಿನೀರು ಹುಯ್ದು, ನಮ್ಮ ಕಡೆಯ ಪದ್ಧತಿಯಂತೆ ಬೆವರಲೆಂದು ಕಂಬಳಿ ಹೊದಿಸಿ ಮಲಗಿಸಿದರು. ತಲೆಯ ಮೇಲೂ ಒಂದು ಕಂಬಳಿ ಎಳೆದರು.

ಮಾವನವರು ಗದ್ದೆಗೆ ಹೋಗಿದ್ದರು. ನಮ್ಮ ಯಜಮಾನರು ಯಾವ ಎಣ್ಣೆಯೂ ಇಲ್ಲದೆ ನಿದ್ದೆಯಲ್ಲಿದ್ದರು. ಎಂಜಿನ್ನಿನ ಸದ್ದು ಮುಚ್ಚಲೆಂದು ಅಕ್ಕನನ್ನು ಒರಳಿನ ಮುಂದೆ ನಿಲ್ಲಿಸಿ ಕೈಗೆ ಒನಕೆ ಕೊಟ್ಟೆವು. ನಾನು ಎಂಜಿನ್ನು ಚಾಲೂ ಮಾಡಿ ಬಾನೆಟ್ಟು ಎತ್ತಿದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ತಿರುಪು ಸಡಿಲಿಸಿ ಅದನ್ನು ಕೂದಲಿನಷ್ಟು ಕೂದಲಿನಷ್ಟೇ ತಿರುಗಿಸುತ್ತ ಹೋದೆ. ಕಿಡಿ ಮುಂದೆ ಬಂದ ಹಾಗೆಲ್ಲ ಎಂಜಿನ್ನಿನ ದನಿ ಮೇಲೇರಿತು. ಕಾರ್ಬುರೇಟರಿನ ತಿರುಪನ್ನೂ ಬಿಚ್ಚಿ ಅದಕ್ಕೆ ಹೊಟ್ಟೆ ತುಂಬ ಕೊಟ್ಟೆ. ಮಳವಳ್ಳಿಯ ಹಿತ್ತಿಲಿನ ಸದ್ದು ಬಂತು. ಸುಖವಾಗಿರುವ ಎಂಜಿನ್ನಿನ ಸದ್ದು.

ಕಂಬಳಿಯ ಒಳಗಿನಿಂದ ಭಾವನವರ ದನಿ: "ಏನೇ ಅದು ಸದ್ದು?"

"ಬತ್ತ ಕುಟ್ತಾ ಇವ್ನಿ ಕಣ್ರಿ," ಎಂದಳು ಅಕ್ಕ.

"ಅಷ್ಟು ಬಿರ್ನೆನಾ?"

"ಅಬ್ಬ ಅಲ್ವಾ ಕಣ್ರಿ."

ಆ ಒರಳಿನಲ್ಲಿ ಒಂದು ಕಾಳು ಭತ್ತವೂ ಇರಲಿಲ್ಲ. ಅತ್ತೆಯವರು ಅಭ್ಯಾಸ ಬಲದಿಂದ ಮಜ್ಜಿಗೆ ಲೋಟ ತಂದು, ನಾನು ಮುಚ್ಚಿದ ಬಾನೆಟ್ಟಿನ ಮೇಲಿಟ್ಟರು. ಲೋಟ ನಡುಗಿತು, ಕುಣಿಯಿತು, ಕುಣಿಯುತ್ತ ಕುಣಿಯುತ್ತ ಅಂಚಿನ ಕಡೆಗೆ ನಡೆಯಿತು. ಬೀಳುವ ಮೊದಲು ಅತ್ತೆ ಅದನ್ನು ಹಿಡಿದು ಗಟಗಟನೆ ಕುಡಿದು ಬಾಯಿ ಒರಸಿಕೊಂಡರು.

"ಇನ್ಮ್ಯಾಲೆ ಮಜ್ಗೆ ಒಟ್ಟೆಗೆ. ಎಂಜಿನ್ನಿಗಲ್ಲ."

ಆಮೇಲೆ ಅವರು ಒಂದು ಕಟ್ಟಪ್ಪಣೆ ಹೊರಡಿಸಿದರು: ಬಂದವರ ಕಣ್ಣೆಲ್ಲ ಆ ಲೋಟದ ಮೇಲೆ ಬಿದ್ದು ದೃಷ್ಟಿಯಾಗಿದೆ, ಎರಡು ಕ್ಲಚ್ಚು ಹೋದದ್ದೇ ಅದರಿಂದ, ಇನ್ನು ಬಾನೆಟ್ಟಿನ ಮೇಲೆ ಲೋಟ ಇಡಕೂಡದು, ಬಾನೆಟ್ಟು ತೆರೆಯಲೂ ಕೂಡದು. ಭಾವನವರು ಕೂಡಲೇ ಒಪ್ಪಿದರು. ಯುದ್ಧ ಮುಗಿದುಹೋಗಿ ಅವರಿಗೂ ಬೇರೊಂದು ಕಾರಣ ಬೇಕಾಗಿತ್ತು.

ಮೂರನೆಯ ಲೈನಿಂಗು ಸುಗ್ಗಿ ದಾಟಿತು, ಮಳೆಗಾಲ ದಾಟಿತು, ಮತ್ತೆ ಸುಗ್ಗಿಗೆ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಅದು ಬರುವುದಕ್ಕೆ ಕೆಲವು ತಿಂಗಳ ಮೊದಲು, ನನ್ನ ತಂಗಿಯ ಎರಡನೆಯ ಮಗುವಿನ ನಾಮಕರಣಕ್ಕೆ ಭಾವನವರೇ ನಮ್ಮನ್ನು ಮಳವಳ್ಳಿಗೆ ಕರೆದೊಯ್ದರು. ಅದೇ ಏರು. ಮುಂದೆ ಕಬ್ಬಿನ ಗಾಡಿ. ನಿಂತೆವು, ಸರಿದೆವು, ನಿಂತೆವು. ವಾಸನೆಯಿಲ್ಲ, ಹೊಗೆಯಿಲ್ಲ, ಕಾರು ಕರೆದಾಗಲೆಲ್ಲ ಬಂತು.

ಭಾವನವರು ಹಿಂದಕ್ಕೆ ತಿರುಗಿ, "ನೋಡ್ದೇನವ್ವ? ಕಾಲು ಅಂದ್ರೆ ಇದು," ಎಂದರು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆಯವರ ಬಾಯಲ್ಲಿದ್ದ ಎಲೆಅಡಿಕೆ ಸೀರೆಯ ಮೇಲೆಲ್ಲ ಬಿತ್ತು. ನಗು ನಿಂತ ಮೇಲೆ ಅವರು, "ಇಳಿಯಪ್ಪ. ಅವ್ಳು ಓಡಿಸ್ಲಿ," ಎಂದರು.

"ಈ ಏರಲ್ಲಾ?"

"ಈ ಏರಲ್ಲೇ. ಎದರ್ಕಂಡಿಯಾ?"

ಹಾಗೆಂದ ಮೇಲೆ ಇಳಿಯದೆ ಅವರಿಗೆ ದಾರಿಯಿರಲಿಲ್ಲ. ನಾನು ಸ್ಟೀರಿಂಗ್ ಹಿಡಿದೆ. ಗಾಡಿಯ ಹಿಂದೆ ನಿಂತೆ, ಹೊರಟೆ. ಗಾಡಿ ದಾರಿ ಬಿಟ್ಟ ಮೇಲೂ ಬೇಕೆಂದೇ ಏರಿನ ಅತಿ ಕಡಿದಾದ ಜಾಗದಲ್ಲಿ ನಿಲ್ಲಿಸಿ ಮತ್ತೆ ಹೊರಟೆ. ಪೆಡಲು ನನ್ನ ಕಾಲಡಿಯಲ್ಲಿ ಬೆಣ್ಣೆಯ ಹಾಗೆ ಮೇಲೆದ್ದು ಬಂತು. ಏರಿನ ತುದಿಯಲ್ಲಿ ಗಾಳಿ ಒಮ್ಮೆಲೇ ಒಳನುಗ್ಗಿದಾಗ ನಾವು ಮೂವರು ಹೆಂಗಸರೂ ಯಾರ ಹಂಗಿಲ್ಲದೆ ಕೂಗಿಬಿಟ್ಟೆವು. ನನ್ನ ಬದುಕಿನಲ್ಲಿ ಅಷ್ಟು ಹಗುರವಾದ ಗಳಿಗೆ ಮತ್ತೊಂದಿಲ್ಲ.

ಪಕ್ಕದ ಸೀಟಿನಲ್ಲಿದ್ದ ಭಾವನವರು ಕಿಟಕಿಯ ಕಡೆ ಮುಖ ಮಾಡಿ ತಾಯಿಗೆ ಹೇಳಿದರು:

"ನಾನು ಟ್ಯೂನ್ ಮಾಡಿರೋ ಎಂಜಿನ್ನು ಕಣವ್ವ. ಎಂಜಿನ್ನು ಸರಿಯಿದ್ರೆ ಯಾರು ಓಡಿಸಿದ್ರೂ ಓಯ್ತದೆ."

ಆ ಸಂಜೆ ಮದ್ದೂರಿಗೆ ಮರಳಿದ ಮೇಲೆ ಬೀಗದ ಕೈ ಮತ್ತೆ ಅವರ ಉಡುದಾರ ಸೇರಿತು. ಕಾರನ್ನು ಮಾರುವವರೆಗೂ ಅಲ್ಲೇ ಇತ್ತು. ಅದೇ ಮೂರನೆಯ ಲೈನಿಂಗಿನ ಮೇಲೆಯೇ ಕಾರು ಮನೆ ಬಿಟ್ಟು ಹೋಯಿತು. ಕ್ಲಚ್ಚು ಸುಟ್ಟವಳು ಎಂಬ ಹೆಸರು ಮಾತ್ರ ನನ್ನ ಬಳಿಯೇ ಉಳಿಯಿತು.

ಈಗ ನಡುವೆ ನಿಂತು ಮಾತು ದಾಟಿಸಲು ಅತ್ತೆಯವರಿಲ್ಲ. ನೀವು ಇದ್ದೀರಿ, ನಿಮ್ಮ ಮಾತನ್ನು ಪಾಠದಂತೆ ಒಪ್ಪಿಸುವ ನಿಮ್ಮ ಮಕ್ಕಳಿದ್ದಾರೆ. ಆದ್ದರಿಂದ ಭಾವನವರೇ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಿಮ್ಮನ್ನು ನೇರವಾಗಿಯೇ ಕೇಳುತ್ತೇನೆ: ಎಂಜಿನ್ನು ಸರಿಯಿದ್ದರೆ ಯಾರು ಓಡಿಸಿದರೂ ಹೋಗುತ್ತದೆಂದು ಮಳವಳ್ಳಿಯ ಏರಿನ ಮೇಲೆ ನಿಮ್ಮ ಬಾಯಿಂದಲೇ ಹೇಳಿದ ಮೇಲೂ, ಬೀಗದ ಕೈಯನ್ನು ನನಗೆ ಹಿಂದಿರುಗಿಸದೆ ಸೊಂಟಕ್ಕೆ ಕಟ್ಟಿಕೊಂಡಿರಲ್ಲ, ಅದು ಕಾರು ಹಾಳಾದೀತೆಂಬ ಭಯಕ್ಕೋ, ಹಾಳಾಗದೆ ಉಳಿದೀತೆಂಬ ಭಯಕ್ಕೋ?